ಉತಾರದಲ್ಲಿಲ್ಲದವರು

ಹೆದರಿಸುವ ಕಾದಂಬರಿ ಬರೆಯಲು ಹೊರಟವನಿಗೆ ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ ಸೀಮೆಯಲ್ಲಿ ಸರಂಜಾಮಿಗೆ ಬರವಿಲ್ಲ. ಬಿಸಿಲು ನೆಲ ಮುಟ್ಟದ ಕಾಡು, ಜೂನ್‌ನಲ್ಲಿ ಹಿಡಿದರೆ ಬಿಡದ ಮಳೆ, ಬ್ರಿಟಿಷರ ಕಾಲದ ಫಾರೆಸ್ಟ್ ಬಂಗಲೆ, ಕವಳಾ ಗುಹೆ, ನೀರಿನಡಿ ಹೋದ ಒಂದಿಡೀ ಪೇಟೆ. ಮೇಲಾಗಿ ನಮ್ಮ ಅಜ್ಜನ ಮನೆ ಹಳಿಯಾಳ ತಾಲೂಕಿನಲ್ಲಿ, ಜೋಯಿಡಾ ಗಡಿಗೆ ತಾಗಿದ ಹಳ್ಳಿಯಲ್ಲಿದೆ. ಹೆಂಚಿನ ಮಾಡು, ಅಟ್ಟ, ಯಾರೂ ತೆರೆಯದ ಒಂದು ಖೋಲಿ. ಮನೆತನದ ಗುಟ್ಟು, ಪಿತ್ರಾರ್ಜಿತ ಜಮೀನು, ಸತ್ತವರ ಸೇಡು ಇವನ್ನೆಲ್ಲ ಹೆಣೆದ, ಗಾಥಿಕ್ ಎಂದು ಕರೆಯುವ ಬಗೆಯ ಕಾದಂಬರಿಯೊಂದನ್ನು ಈ ನೆಲದ ಮೇಲೆ ಬರೆಯಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು. ಬರೆದೆ. ಕಾದಂಬರಿ ಹೇಗಿದೆ ಎಂಬುದು ಬೇರೆ ಮಾತು. ಬರೆಯುವಾಗ ಕಲಿತದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಬಿಟ್ಟುಹೋದದ್ದು ಕಾಡಿನ ಭಯ. ಕಥಾನಾಯಕ ರಾತ್ರಿ ಕಾಡುದಾರಿಯಲ್ಲಿ ಒಬ್ಬನೇ ನಡೆಯುತ್ತ ಬೆವರುವ ಅಧ್ಯಾಯವೊಂದನ್ನು ಜೋಯಿಡಾ ಕಡೆಯ ಕುಣಬಿ ಸಮುದಾಯದ ಗೆಳೆಯನಿಗೆ ಓದಿ ಹೇಳಿದೆ. ಅವನು ಪೂರ್ತಿ ಕೇಳಿ, "ಇವನ ಹತ್ತಿರ ಬ್ಯಾಟರಿ ಇರಲಿಲ್ವಾ?" ಎಂದ. ಕರಡಿ ಎದುರಾದರೆ ಹೇಗೆ ಸರಿಯಬೇಕು, ಯಾವ ಗಡ್ಡೆ ಯಾವ ತಿಂಗಳಲ್ಲಿ ಅಗೆಯಬೇಕು ಎಂಬುದೆಲ್ಲ ಅವನಿಗೆ ದಿನನಿತ್ಯದ ವ್ಯವಹಾರ. ಅವನ ಮುಖದಲ್ಲಿ ದಿಗಿಲು ಕಂಡದ್ದು ಬೇರೊಂದು ಮಾತು ಬಂದಾಗ. ಯಾರೋ ಜಿಪಿಎಸ್ ಹಿಡಿದುಕೊಂಡು ಬಂದು ಅವನ ಗದ್ದೆಯ ಅಂಚಿನುದ್ದಕ್ಕೂ ನಡೆದು, ಏನೋ ಬರೆದುಕೊಂಡು ಹೋಗಿದ್ದರು. ಏನು ಬರೆದುಕೊಂಡರು ಎಂದು ಹೇಳಲಿಲ್ಲ. ಅಜ್ಜ ಮುತ್ತಜ್ಜ ಉತ್ತ ನೆಲ ಕಾಗದದಲ್ಲಿ ಅರಣ್ಯ. ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಾಡಿಗೆ ಹೆದರುವುದು ರೆಸಾರ್ಟಿಗೆ ಬಂದವರ ಹವ್ಯಾಸ. ಅಲ್ಲಿ ಇರುವವರು ಹೆದರುವುದು ಸರಕಾರಿ ಲಕೋಟೆಗೆ. ಆ ಅಧ್ಯಾಯ ತೆಗೆದು ಹಾಕಿದೆ.

ಆಮೇಲೆ ಹಳೆಯ ಗಾಥಿಕ್ ಪುಸ್ತಕಗಳನ್ನು ಮತ್ತೆ ಓದಿದೆ. ಈ ಬಗೆಯ ಕಥೆಗಳ ಮೂಲಪುರುಷ ಎನ್ನಿಸಿಕೊಂಡ ಹೊರೇಸ್ ವಾಲ್‌ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಬಂದದ್ದು 1764ರಲ್ಲಿ. ಮೇಲಿಂದ ಬೀಳುವ ದೈತ್ಯ ಶಿರಸ್ತ್ರಾಣ, ಚೌಕಟ್ಟಿನಿಂದ ಇಳಿದು ನಡೆಯುವ ಚಿತ್ರಪಟ ಎಲ್ಲ ಅದರಲ್ಲಿವೆ. ಒಳಗಿರುವುದು ಮಾತ್ರ ಒಂದು ದಾವೆ. ಅಜ್ಜ ತನ್ನ ಒಡೆಯನಿಗೆ ವಿಷ ಹಾಕಿ, ಖೊಟ್ಟಿ ಮೃತ್ಯುಪತ್ರ ಹುಟ್ಟಿಸಿ ಸಂಸ್ಥಾನ ಹೊಡೆದುಕೊಂಡಿದ್ದಾನೆ, ಮೊಮ್ಮಗ ಅನುಭವಿಸುತ್ತಾನೆ. ಅಮೆರಿಕದ ಹಾಥಾರ್ನ್ 1851ರಲ್ಲಿ ಬರೆದ 'ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್' ಕೂಡ ಹಾಗೇ. ಬಡವನೊಬ್ಬನ ಜಾಗದ ಮೇಲೆ ಕಣ್ಣಿಟ್ಟ ದೊಡ್ಡ ಮನುಷ್ಯ ಅವನಿಗೆ ಮಾಟಗಾರನೆಂಬ ಪಟ್ಟ ಕಟ್ಟಿ ನೇಣಿಗೇರಿಸಲು ಮುಂದಾಗಿ, ಆಮೇಲೆ ಅಲ್ಲೇ ಮನೆ ಕಟ್ಟುತ್ತಾನೆ. ಆ ಮನೆಯವರು ತಲೆತಲಾಂತರ ಹುಡುಕಿದ ಇನ್ನೊಂದು ದೊಡ್ಡ ಜಮೀನಿನ ಪತ್ರ ಕೊನೆಗೆ ಚಿತ್ರಪಟದ ಹಿಂದೆ ಸಿಗುತ್ತದೆ, ಆ ಹೊತ್ತಿಗೆ ಅದು ಕಾಸಿನ ಬೆಲೆಯಿಲ್ಲದ ಕಾಗದ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಗೇಣಿದಾರರು. 1974ರ ಭೂಸುಧಾರಣೆಯಲ್ಲಿ ಉಳುವವನೇ ಒಡೆಯನಾಗಲು ಫಾರ್ಮ್ ನಂಬರ್ 7 ತುಂಬಬೇಕಿತ್ತು. ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಗೇಣಿ ಕೊಟ್ಟ ಚೀಟಿ ಅದಾದ ಮೇಲೆ ಅಟ್ಟದಲ್ಲಿ ಸಿಕ್ಕವರ ಮುಖ ಹೇಗಿರುತ್ತದೆಂದು ನೋಡಿದವರಿಗೆ ಹಾಥಾರ್ನ್ ಹೊಸಬನಲ್ಲ.

ಕನ್ನಡದಲ್ಲಿ ಈ ಜಾತಿಗೆ ಹತ್ತಿರದ್ದು, ನನ್ನ ಮಟ್ಟಿಗೆ, ಭೈರಪ್ಪನವರ 'ವಂಶವೃಕ್ಷ' (1965). ಅದರಲ್ಲಿ ದೆವ್ವವಿಲ್ಲ. ಮನೆತನದ ಶುದ್ಧಿಗಾಗಿಯೇ ಬಾಳಿದ ಶ್ರೀನಿವಾಸ ಶ್ರೋತ್ರಿಗಳಿಗೆ ಮುಪ್ಪಿನಲ್ಲಿ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಆಸ್ತಿಗಾಗಿ ಅಪ್ಪ ಮಾಡಿದ ಕೆಲಸ ಅದು. ಅವರು ಆಸ್ತಿಯನ್ನೆಲ್ಲ ದಾನ ಮಾಡಿ ಹೊರಟುಬಿಡುತ್ತಾರೆ. ಬಂಗಲೆ, ಬಾವಲಿ, ಕಿರ್ರೆನ್ನುವ ಬಾಗಿಲು ಇಲ್ಲದೆಯೂ ಮೈ ನಡುಗಿಸಬಹುದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಹಾಗಾಗಿ ಅಜ್ಜನ ಮನೆಯ ಆ ಖೋಲಿಯ ಬಾಗಿಲು ತೆಗೆಸಿದೆ. ಒಳಗೆ ಹಾರೆ, ಹಳೆ ಕೊಪ್ಪರಿಗೆ, ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮರಾಠಿಯ ಮೋಡಿ ಅಕ್ಷರದ ಕಾಗದಗಳ ಕಟ್ಟು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಗಿ 1956ರವರೆಗೆ ಅಲ್ಲೇ ಇದ್ದದ್ದು. ಹಳಿಯಾಳದ ಕಡೆ ಮರಾಠಿ ವ್ಯವಹಾರದ ರೂಢಿ ಅದಕ್ಕಿಂತ ಹಳೆಯದು. ವಾಲ್‌ಪೋಲ್ ತನ್ನ ಕಾದಂಬರಿಯನ್ನು ಹಳೆಯ ಇಟಾಲಿಯನ್ ಪುಸ್ತಕದ ಅನುವಾದವೆಂದು ಸುಳ್ಳು ಹೇಳಿ ಅಚ್ಚು ಹಾಕಿಸಿದ್ದ. ನನಗೆ ಸುಳ್ಳು ಹೇಳುವ ಪ್ರಮೇಯವೇ ಇಲ್ಲ, ಓದಲಾಗದ ಹಸ್ತಪ್ರತಿಯೇ ಕೈಯಲ್ಲಿದೆ ಎಂದು ಹಿಗ್ಗಿದೆ. ಬೆಳಗಾವಿಯಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರ ಎದುರು ಕಟ್ಟು ಬಿಚ್ಚಿ ಕೂತೆ.

ನಿಧಿಯಿಲ್ಲ, ಶಾಪವಿಲ್ಲ. ಲೆಕ್ಕ. ಇಷ್ಟು ಭತ್ತ, ಇಷ್ಟು ಉಪ್ಪು, ಒಂದು ಕಂಬಳಿ, ಮದುವೆಗೆ ಇಷ್ಟು ರೂಪಾಯಿ. ಒಂದೊಂದರ ಮುಂದೆ ಒಂದು ಹೆಸರು, ಕೆಲಸ ಮಾಡಿ ತೀರಿಸತಕ್ಕದ್ದು ಎಂಬ ಷರತ್ತು. ಹೆಸರುಗಳಲ್ಲಿ ಹೆಚ್ಚಿನವು ಸಿದ್ದಿಯರವು. ಹಿರಿಯರು ಬೆರಳಿಟ್ಟು ಓದುತ್ತ ಹೋದಂತೆ ಒಂದು ಹೆಸರು ನಿಂತು, ಅದೇ ಬಾಕಿ ಅವನ ಮಗನ ಹೆಸರಿನ ಮುಂದೆ ಬಂತು. ಒಂದಷ್ಟು ಹಾಳೆ ದಾಟಿದರೆ ಇನ್ನೊಂದು ಹೆಸರು. ಮೊತ್ತ ಇಳಿದಿರಲಿಲ್ಲ. ನಮ್ಮ ಕಡೆ ಜಮೀನು ವಾರಸಾ ಆಗುತ್ತ ಬಂದ ಹಾಗೆ ಅವರ ಕಡೆ ಸಾಲ ವಾರಸಾ ಆಗುತ್ತ ಬಂದಿತ್ತು.

ಸಿದ್ದಿಯರ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದದ್ದು, ಅವರಲ್ಲಿ ಎಷ್ಟೋ ಮಂದಿ ಗೋವೆಯ ಪೋರ್ತುಗೀಜರ ಕೈಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕದ್ದು ನಮ್ಮ ಶಾಲೆಯಲ್ಲೂ ಹೇಳಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಧರ್ಮದ ಸಿದ್ದಿಯರಿದ್ದಾರೆ. ಪಾಠದಲ್ಲಿ ಅವರು ಗುಲಾಮಗಿರಿಯಿಂದ ಪಾರಾಗುವಲ್ಲಿಗೆ ಕಥೆ ಮುಗಿಯುತ್ತಿತ್ತು. ಕಾಡು ಹೊಕ್ಕ ಮೇಲೆ ಯಾರ ಗದ್ದೆಗೆ ಕಟ್ಟುಬಿದ್ದರು ಎಂಬುದು ಪಾಠದಲ್ಲಿರಲಿಲ್ಲ. ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ, ನಾನು ಹುಟ್ಟಿದ ಮೇಲೆ.

ಕಾಗದದ ಮಾತನ್ನು ಸೋದರತ್ತೆಯ ಮುಂದೆ ತೆಗೆದೆ. ಸಿಡಿಲು ಬಡಿಯುತ್ತದೆಂದು ಕಾದಿದ್ದೆ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ.

"ಇದರಾಗ ಹೊಸಾದೇನೈತಿ? ನಮ್ಮ ಗದ್ದಿ ಕಡದಾವ್ರು ಯಾರು ಅಂತ ಊರಿಗೆಲ್ಲಾ ಗೊತ್ತೈತಿ. ನೀ ಕೇಳಲಿಲ್ಲ, ನಾವು ಹೇಳಲಿಲ್ಲ."

ಬರವಣಿಗೆಯ ಮಟ್ಟಿಗೆ ನನಗೆ ಸಿಕ್ಕ ದೊಡ್ಡ ಪಾಠ ಇದು. ಗುಟ್ಟು ಬಯಲಾಗುವ ದೃಶ್ಯಕ್ಕಾಗಿ ನೂರಾರು ಪುಟ ಕಾಯಿಸುವುದು ಈ ಜಾತಿಯ ಕಾದಂಬರಿಗಳ ಕಸುಬು. ನಮ್ಮ ಊರುಗಳಲ್ಲಿ ಮನೆತನದ ಗುಟ್ಟೆಂದರೆ ಎಲ್ಲರಿಗೂ ತಿಳಿದಿದ್ದು ಯಾರೂ ಆಡದ ಮಾತು. ಅದನ್ನು ಮೊದಲ ಅಧ್ಯಾಯದಲ್ಲೇ ಹೇಳಿಬಿಟ್ಟೆ. ಆಮೇಲೆ ಉಳಿಯುವ ಪ್ರಶ್ನೆಯೇ ಹೆಚ್ಚು ಕಾಡುತ್ತದೆ: ತಿಳಿದೂ ಇವರೆಲ್ಲ ಹೇಗೆ ಒಟ್ಟಿಗೆ ಕೂತು ಉಣ್ಣುತ್ತಾರೆ?

ಇನ್ನು ಸತ್ತವರ ಸಂಗತಿ. ನನ್ನ ಮೊದಲ ಕರಡಿನಲ್ಲಿ ಸತ್ತ ಆಳೊಬ್ಬ ಒಡೆಯನ ಮನೆ ಕಾಡುತ್ತಿದ್ದ. ಈ ಸೀಮೆಯಲ್ಲಿ ಸತ್ತವರು ಹಾಗೆ ವರ್ತಿಸುವುದಿಲ್ಲ. ಸಿದ್ದಿ ಮನೆಗಳಲ್ಲಿ ಹಿರಿಯಾರು ಎಂದು ತೀರಿಕೊಂಡವರನ್ನು ತೆಂಗಿನಕಾಯಿಯ ರೂಪದಲ್ಲಿ ಮನೆಯೊಳಗೇ ಇಟ್ಟು ಪೂಜಿಸುತ್ತಾರೆ. ಅವರು ಮನೆಯ ಮಂದಿ, ಹಬ್ಬಕ್ಕೆ ಎಡೆ ಕೊಡದಿದ್ದರೆ ಮುನಿಯುವ ಮಂದಿ. ದಾಂಡೇಲಿಯ ಊರದೇವರು ದಾಂಡೇಲಪ್ಪ ಮಿರಾಶಿ ಜಮೀನುದಾರರ ಸೇವಕನಾಗಿದ್ದ, ನಿಷ್ಠೆಗಾಗಿ ಪ್ರಾಣ ಕಳೆದುಕೊಂಡ ಎಂಬ ಐತಿಹ್ಯವಿದೆ. ಒಡೆಯರ ಕಥೆಯಲ್ಲಿ ಸತ್ತ ಆಳನ್ನು ಊರು ದೆವ್ವ ಮಾಡಲಿಲ್ಲ, ದೇವರು ಮಾಡಿ ಅವನ ಹೆಸರನ್ನೇ ತಾನಿಟ್ಟುಕೊಂಡಿತು. ಇದರ ಮುಂದೆ ನನ್ನ ಸೇಡಿನ ದೆವ್ವ ತೀರ ಬಡಕಲಾಗಿ ಕಂಡಿತು.

ದೆವ್ವಕ್ಕಿಂತ ಬಲವಾದದ್ದು ಸಿಕ್ಕಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಆ ತಾರೀಖಿನಿಂದ ಹಿಂದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದನ್ನು ಸಾಬೀತುಪಡಿಸಬೇಕು. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪಂಗಡದ ಸ್ಥಾನ ಸಿಕ್ಕಿತು. ಕುಣಬಿಗಳು, ಗೌಳಿಗಳು ಕೇಳುತ್ತಲೇ ಬಂದಿದ್ದಾರೆ. ಆದ್ದರಿಂದ ಪಕ್ಕಪಕ್ಕದ ಎರಡು ಗುಡಿಸಲುಗಳಲ್ಲಿ ಒಂದಕ್ಕೆ ಅಪ್ಪನ ಸಾಗುವಳಿ ಸಾಕು, ಇನ್ನೊಂದಕ್ಕೆ 1930ರಲ್ಲಿ ಬದುಕಿದ್ದ ಮುತ್ತಜ್ಜ ಬೇಕು. 1930ರಲ್ಲಿ ಕುಣಬಿ ಮುತ್ತಜ್ಜನಿಗೆ ಕಾಗದ ಕೊಟ್ಟವರು ಯಾರು? ಕಾಯ್ದೆಯ ನಿಯಮಗಳು ಕಾಗದ ಇಲ್ಲದವರಿಗೂ ಒಂದು ದಾರಿ ಇಟ್ಟಿವೆ: ಊರ ಹಿರಿಯರ ಹೇಳಿಕೆ, ಹಳೆಯ ಬಾವಿ, ದೇವರ ಜಾಗ, ಸಮಾಧಿ ಇವನ್ನು ಸಾಕ್ಷ್ಯವೆಂದು ಒಪ್ಪಬಹುದು. ಅಂದರೆ ಗೋರಿಯಲ್ಲಿರುವವನು ಗ್ರಾಮಸಭೆಯಲ್ಲಿ ಮಾತಾಡಬಹುದು. ಕೇಳಿಸಿಕೊಳ್ಳುವವರು ಬೇಕು ಅಷ್ಟೆ. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ತಿರಸ್ಕೃತವಾಗಿವೆ.

ಕಾದಂಬರಿ ಅಲ್ಲಿಂದ ಎದ್ದು ನಿಂತಿತು. ಒಡೆಯನ ಗದ್ದೆಯ ಬೇಲಿಗೆ ತಾಗಿದ ಅರಣ್ಯ ಜಾಗ. ಅಲ್ಲಿ ಪಾಚಿಗಟ್ಟಿದ ನಾಲ್ಕಾರು ಕಲ್ಲು. ಕುಣಬಿ ಕುಟುಂಬ ಆ ಕಲ್ಲು ತೋರಿಸಿ ಹಕ್ಕು ಕೇಳುತ್ತಿದೆ, ಒಡೆಯನೂ ಅದೇ ಜಾಗಕ್ಕೆ ಅರ್ಜಿ ಹಾಕಿದ್ದಾನೆ. ಸ್ಥಳ ಪರಿಶೀಲನೆಯ ಹಿಂದಿನ ರಾತ್ರಿ, ಮಳೆಯಲ್ಲಿ, ದೀಪ ಹಾಕದೆ ಒಂದು ಟ್ರ್ಯಾಕ್ಟರ್ ಆ ಕಡೆ ಹೋಗುವ ಶಬ್ದ ಮನೆಯ ಹುಡುಗನಿಗೆ ಕೇಳಿಸುತ್ತದೆ. ಓಡಿಸುತ್ತಿರುವವರು ಯಾರೆಂದು ಅವನಿಗೆ ಗೊತ್ತು. ಇಡೀ ಪುಸ್ತಕದಲ್ಲಿ ನನಗೇ ಓದಲು ಹೆದರಿಕೆಯಾಗುವುದು ಆ ಪುಟ ಒಂದೇ.

ಸೂಪಾದ ಬಗ್ಗೆ ಬರೆಯುವಾಗ ಕೈಗೆ ಲಗಾಮು ಹಾಕಬೇಕಾಯಿತು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ ಇದ್ದ ತಾಲೂಕು ಪೇಟೆ ಅದು. 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಕುಟುಂಬಗಳು ರಾಮನಗರಕ್ಕೆ ಹೋದವು. ಆದರೂ 2011ರ ಜನಗಣತಿಯಲ್ಲಿ ತಾಲೂಕಿನ ಹೆಸರು ಸೂಪಾ ಎಂದೇ ಇತ್ತು. ಊರು ನೀರಿನಡಿ, ಹೆಸರು ದಫ್ತರದಲ್ಲಿ. ನೀರೊಳಗಿಂದ ಗಂಟೆ ಕೇಳಿಸುವ ದೃಶ್ಯ ಬರೆಯಲು ಯಾರಿಗಾದರೂ ಕೈ ತುರಿಸುತ್ತದೆ, ನನಗೂ ತುರಿಸಿತ್ತು. ರಾಮನಗರದಲ್ಲಿ ಕೂತು ಕೇಳಿದಾಗ ಒಬ್ಬ ಹಿರಿಯರು ಗಂಟೆಯ ಮಾತೆತ್ತಲಿಲ್ಲ. ಪರಿಹಾರ ಲೆಕ್ಕ ಹಾಕುವಾಗ ತಮ್ಮ ಹಲಸಿನ ಮರಗಳನ್ನು ಹೇಗೆ ಎಣಿಸಿದರು, ಬಾಗಿಲ ಚೌಕಟ್ಟನ್ನು ಕಿತ್ತು ಲಾರಿಯಲ್ಲಿ ಹೇಗೆ ತಂದರು ಎಂದು ಹೇಳಿದರು. ಚೌಕಟ್ಟು ಹೊಸ ಮನೆಗೆ ದೊಡ್ಡದಾಯಿತಂತೆ. ಗಂಟೆ ಬಿಟ್ಟು ಚೌಕಟ್ಟು ಇಟ್ಟುಕೊಂಡೆ. ಅದೇ ಅಣೆಕಟ್ಟಿನ ಸುತ್ತಲಿನ ಎಷ್ಟೋ ಮಜಿರೆಗಳಿಗೆ ಕರೆಂಟು ಬಂದದ್ದು ಬಹಳ ತಡವಾಗಿ ಎಂಬುದನ್ನು ಕಾದಂಬರಿಯಲ್ಲಿ ಹಾಕಿದರೆ ಓದುಗರು ಉತ್ಪ್ರೇಕ್ಷೆ ಎನ್ನುತ್ತಾರೇನೋ ಎಂದು ಬಿಟ್ಟೆ.

ಮುಂಡಗೋಡದ ಟಿಬೆಟನ್ ಕ್ಯಾಂಪುಗಳ ಬಗೆಗಿನ ಅಧ್ಯಾಯವೊಂದಿತ್ತು. 1966ರಿಂದ ಅಲ್ಲಿ ನೆಲೆಸಿದವರ ಮೊಮ್ಮಕ್ಕಳಿಗೆ ಪಿತ್ರಾರ್ಜಿತ ನೆಲವೆಂದರೆ ಅಜ್ಜಿಯ ಬಾಯಲ್ಲಿರುವುದು, ಕಾಲಡಿಯದು ಸರಕಾರ ಕೊಟ್ಟ ಲೀಸು. ಅದೊಂದು ಬೇರೆಯೇ ಕಾದಂಬರಿ, ಬರೆಯಬೇಕಾದವರು ಅಲ್ಲಿಯೇ ಇದ್ದಾರೆ. ತೆಗೆದೆ.

ಎಲ್ಲ ಮುಗಿದ ಮೇಲೂ ಪುಸ್ತಕದಲ್ಲಿ ಒಂದು ಪಾತ್ರ ಮಾತ್ರ ದೆವ್ವದ ಹಾಗೇ ಉಳಿದಿದೆ: ಮನೆಯ ಮಗಳು. ನಮ್ಮ ಅತ್ತೆಯನ್ನು ನೋಡಿ ಬರೆದದ್ದು. ಅಜ್ಜ ತೀರಿಕೊಂಡಾಗ ಮಾಡಿಸಿದ ವಂಶಾವಳಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಇವೆ. ಜಮೀನಿನ ಉತಾರದಲ್ಲೂ ಅವರದೇ. ಆ ಕಾಗದದ ಪ್ರಕಾರ ಅತ್ತೆ ಹುಟ್ಟಿಯೇ ಇಲ್ಲ. ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ತಿದ್ದುಪಡಿ ಮಾಡಿದವು, 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಇವುಗಳ ಯಾವ ಸದ್ದೂ ನಮ್ಮ ಪಡಸಾಲೆಗೆ ಬಂದಿರಲಿಲ್ಲ.

ಕರಡನ್ನು ಮನೆಯವರಿಗೆ ಕೊಟ್ಟೆ. ಚಿಕ್ಕಪ್ಪನ ಮಗ ಎರಡೇ ದಿನದಲ್ಲಿ ಫೋನು ಮಾಡಿದ.

"ಅಣ್ಣಾ, ಭಾರೀ ಬರದೀ. ಆದ್ರ ಮೂರನೇ ಅಧ್ಯಾಯದಾಗಿನ ಸರ್ವೆ ನಂಬರ್ ನಮ್ಮದನ್ನ ಹೋಲತೈತಿ. ಬದಲಿ ಮಾಡು. ಪಾಲುಪಟ್ಟಿ ಇನ್ನೂ ರಜಿಸ್ಟರ್ ಆಗಿಲ್ಲ."

ನಂಬರ್ ಬದಲಿಸಿದೆ. ಅತ್ತೆಗೆ ಕಣ್ಣು ಮಂಜು, ಮಗಳ ಕೈಲಿ ಪೂರ್ತಿ ಓದಿಸಿಕೊಂಡರು. ಕಥೆಯ ಬಗ್ಗೆ ಏನೂ ಹೇಳಲಿಲ್ಲ. ವಂಶಾವಳಿಯಲ್ಲಿ ಹೆಸರು ಸೇರಿಸಬೇಕಾದರೆ ಅರ್ಜಿ ಯಾರಿಗೆ ಕೊಡಬೇಕು ಎಂದು ಕೇಳಿದರು. ಅರ್ಜಿ ನಾನೇ ಬರೆದುಕೊಟ್ಟೆ. ಈಗ ಆ ಚಿಕ್ಕಪ್ಪನ ಮಗ ನನ್ನ ಫೋನು ಎತ್ತುವುದಿಲ್ಲ.