ಮಕ್ಕಳ ನಾಯಕತ್ವಕ್ಕೆ ಶುಲ್ಕ ಕೊಡಬೇಕೇ?



ಬೇಸಿಗೆ ರಜೆ ಬಂತೆಂದರೆ ಹೈಸ್ಕೂಲು ಮಕ್ಕಳ ಹೆತ್ತವರ ಕೈಗೆ 'ನಾಯಕತ್ವ ತರಬೇತಿ ಶಿಬಿರ'ದ ಕರಪತ್ರಗಳು ಬರತೊಡಗುತ್ತವೆ. ಊಟ, ವಸತಿ, ಟೀ ಶರ್ಟು, ಕೊನೆಗೊಂದು ಪ್ರಮಾಣಪತ್ರ. ಶುಲ್ಕ ಕೆಲವು ಸಾವಿರ ರೂಪಾಯಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಸಣ್ಣ ಅಂಗಡಿ, ಅಡಿಕೆ ಕೆಲಸ, ವಾಹನ ಓಡಿಸುವ ದುಡಿಮೆಯಿಂದ ಬದುಕುವ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ. ಈ ಖರ್ಚು ಸಾರ್ಥಕವೇ?

ವಿದ್ಯೆಗೆ ಪ್ರತಿಫಲ ಕೊಡುವುದು ತಪ್ಪಲ್ಲ. ಬದ್ರ್‌ನ ಕೈದಿಗಳಲ್ಲಿ ಬರಹ ಬಲ್ಲವರು ಮದೀನಾದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರೆಂದು ಚರಿತ್ರೆಯಲ್ಲಿದೆ. ಸಭೆಯಲ್ಲಿ ಮಾತನಾಡುವುದು, ಲೆಕ್ಕ ಬರೆಯುವುದು, ಪ್ರಥಮ ಚಿಕಿತ್ಸೆ ಮುಂತಾದವನ್ನು ಚೆನ್ನಾಗಿ ಕಲಿಸುವ ಶಿಬಿರವಾದರೆ ಶಕ್ತಿಯಿದ್ದವರು ಹಣ ಕೊಡಲಿ. ಆದರೆ ನಾಯಕತ್ವವನ್ನೇ ಕೊಡುತ್ತೇವೆ ಎನ್ನುವ ಮಾತನ್ನು ಸ್ವಲ್ಪ ಪರಿಶೀಲಿಸಬೇಕು.

ಇಸ್ಲಾಮಿನಲ್ಲಿ ನಾಯಕತ್ವವೆಂದರೆ ಅಮಾನತ್. ಅದನ್ನು ಕೇಳಿ ಪಡೆಯಬಾರದೆಂದು ಪ್ರವಾದಿವರ್ಯರು(ಸ) ಅಬ್ದುರ್ರಹ್ಮಾನ್ ಬಿನ್ ಸಮುರ(ರ)ರಿಗೆ ಉಪದೇಶಿಸಿದರು. ಯೂಸುಫ್(ಅ) ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ಕೇಳಿದರಲ್ಲವೇ ಎಂದು ನೀವು ಪ್ರಶ್ನಿಸಬಹುದು. ಕೇಳಿದರು ನಿಜ. ಆದರೆ ಬರಗಾಲ ಎದುರಿಗಿತ್ತು. ಧಾನ್ಯವನ್ನು ಕಾಪಾಡುವ ಪ್ರಾಮಾಣಿಕತೆಯೂ ಅರಿವೂ ಅವರಲ್ಲಿದ್ದವು. ಅವರು ಕೇಳಿದ್ದು ಕೆಲಸವನ್ನು, ಕೀರ್ತಿಯನ್ನಲ್ಲ.

ಬುಖಾರಿಯಲ್ಲಿ ಅಮ್ರ್ ಬಿನ್ ಸಲಮ(ರ)ರ ಘಟನೆಯಿದೆ. ಅವರ ಗೋತ್ರ ದಾರಿಹೋಕರು ತಂಗುವ ನೀರಿನ ತಾಣದಲ್ಲಿತ್ತು. ಬಂದು ಹೋಗುವವರಿಂದ ಕೇಳಿ ಕೇಳಿ ಹುಡುಗ ಕುರ್‌ಆನಿನ ಭಾಗಗಳನ್ನು ಕಂಠಪಾಠ ಮಾಡಿಕೊಂಡ. ಗೋತ್ರ ಇಸ್ಲಾಮ್ ಸ್ವೀಕರಿಸಿದಾಗ ಎಲ್ಲರಿಗಿಂತ ಹೆಚ್ಚು ಕುರ್‌ಆನ್ ಬಲ್ಲವನು ಅವನೇ ಎಂದು ಕಂಡು ಅವನನ್ನೇ ಇಮಾಮನಾಗಿ ನಿಲ್ಲಿಸಿದರು. ವಯಸ್ಸು ಆರೋ ಏಳೋ! (ಬಾಲಕನ ಇಮಾಮತ್ತಿನ ಬಗ್ಗೆ ಮದ್‌ಹಬ್‌ಗಳಲ್ಲಿರುವ ಭಿನ್ನಾಭಿಪ್ರಾಯ ಬೇರೆ ವಿಷಯ.) ಹೊದ್ದ ಬಟ್ಟೆ ಗಿಡ್ಡವಾಗಿದ್ದುದರಿಂದ ಸುಜೂದಿನಲ್ಲಿ ಮೈ ಕಾಣುತ್ತಿತ್ತು. ಹೆಂಗಸೊಬ್ಬಳು ಅದನ್ನು ಎತ್ತಿ ಹೇಳಿದಾಗ ಜನರು ಬಟ್ಟೆ ಕೊಂಡು ಅವನಿಗೆ ಅಂಗಿ ಹೊಲಿಸಿದರು. ಆ ಅಂಗಿಯಿಂದಾದ ಸಂತೋಷ ಬೇರಾವುದರಿಂದಲೂ ಆಗಲಿಲ್ಲವೆಂದು ಅವರು ದೊಡ್ಡವರಾದ ಮೇಲೂ ನೆನೆಯುತ್ತಿದ್ದರು. ಗಮನಿಸಿ, ಮೊದಲು ಕಲಿಕೆ, ಅನಂತರ ಹೊಣೆ, ಅಂಗಿ ಕೊನೆಗೆ. ನಮ್ಮ ಶಿಬಿರಗಳಲ್ಲಿ ಟೀ ಶರ್ಟು ಮೊದಲ ದಿನವೇ ಸಿಗುತ್ತದೆ!

ನಮ್ಮ ಈ ಮೂರು ತಾಲೂಕುಗಳ ಚರಿತ್ರೆಯನ್ನೇ ನೋಡಿ. ತೀರ್ಥಹಳ್ಳಿ ತಾಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎಚ್. ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರ ಸತ್ಯಾಗ್ರಹದಲ್ಲಿ ಜೊತೆ ನಿಂತರು. 1952ರಲ್ಲಿ ಸಾಗರ-ಹೊಸನಗರದ ಜನ ಅವರನ್ನು ವಿಧಾನಸಭೆಗೆ ಕಳುಹಿಸಿದರು. ಜನರ ಕಷ್ಟದ ನಡುವೆ ನಿಂತದ್ದೇ ಅವರಿಗೆ ತರಬೇತಿಯಾಯಿತು.

ಪ್ರಮಾಣಪತ್ರ ಮುಂದೆ ಉಪಯೋಗಕ್ಕೆ ಬರುತ್ತದೆಂದು ನಂಬಿ ಹಣ ಕಟ್ಟುವವರಿದ್ದಾರೆ. ಪಿಯುಸಿ ಪ್ರವೇಶಕ್ಕೆ ನೋಡುವುದು ಎಸ್ಸೆಸ್ಸೆಲ್ಸಿ ಅಂಕಗಳನ್ನು. ಸಿಇಟಿಯಲ್ಲಿ ಎನ್‌ಸಿಸಿಗೂ ಸ್ಕೌಟ್ಸ್ ಮತ್ತು ಗೈಡ್ಸ್‌ಗೂ ವಿಶೇಷ ಪ್ರವರ್ಗಗಳಿವೆ. ಖಾಸಗಿ ಶಿಬಿರದ ಕಾಗದಕ್ಕೆ ಅಂಥ ಸ್ಥಾನವಿಲ್ಲ. ನಿಮ್ಮ ಶಾಲೆಯಲ್ಲಿ ಸ್ಕೌಟ್ ದಳವೋ ಎನ್‌ಸಿಸಿಯೋ ಇದ್ದರೆ ಮೊದಲು ಅಲ್ಲಿ ಸೇರಿಸಿ.

ಶಿಬಿರಕ್ಕೆ ಕಳುಹಿಸುವುದಾದರೆ, ಕಲಿಸುವವರು ಯಾರು, ಹೆಣ್ಣುಮಕ್ಕಳ ವಸತಿಯಲ್ಲಿ ಜವಾಬ್ದಾರಿಯುತ ಮಹಿಳೆಯರಿದ್ದಾರೆಯೇ, ನಮಾಝಿಗೆ ಅವಕಾಶವಿದೆಯೇ ಎಂದು ವಿಚಾರಿಸಿ. ಮರಳಿ ಬಂದ ಮೇಲೆ ಮಗು ಮಾಡಬೇಕಾದ ಕೆಲಸವೇನೆಂದೂ ಕೇಳಿ. ಉತ್ತರ ಸಿಗದಿದ್ದರೆ ಹಣ ಕಟ್ಟಬೇಡಿ. ಸಾಲ ಮಾಡಿ ಕಳುಹಿಸುವುದಂತೂ ಬೇಡವೇ ಬೇಡ.

ಮಗುವಿನ ಸ್ವಭಾವವನ್ನೂ ನೋಡಬೇಕು. ಅಬೂದರ್ರ್(ರ) ಹೊಣೆ ಕೇಳಿದಾಗ ಪ್ರವಾದಿವರ್ಯರು(ಸ) ಪ್ರೀತಿಯಿಂದಲೇ ನಿರಾಕರಿಸಿದರು. ಅವರ ಸತ್ಯಸಂಧತೆಯನ್ನು ಕೊಂಡಾಡಿದವರೂ ಅದೇ ಪ್ರವಾದಿವರ್ಯರು(ಸ). ವೇದಿಕೆಗೆ ಅಂಜುವ ಮಗ ದಡ್ಡನಲ್ಲ.

ಜಮಾಅತಿನ ಹಿರಿಯರೂ ಯೋಚಿಸಲಿ. ರಮಝಾನಿನಲ್ಲಿ ಫಿತ್ರ್ ಝಕಾತಿನ ಅಕ್ಕಿಯ ಲೆಕ್ಕವನ್ನು ಒಂಬತ್ತನೇ ತರಗತಿಯ ಹುಡುಗನ ಕೈಗೆ ಕೊಡಿ. ತಪ್ಪಿದರೆ ತಿದ್ದಿ, ಕಸಿದುಕೊಳ್ಳಬೇಡಿ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಮದ್ರಸಕ್ಕೆ ಬರುವ ಪುಟ್ಟ ಮಕ್ಕಳಿದ್ದರೆ, ಅವರು ಎಷ್ಟು ಮಂದಿ ಹೊರಟರು, ಎಷ್ಟು ಮಂದಿ ತಲುಪಿದರು ಎಂದು ಎಣಿಸಿ ವರದಿ ಮಾಡುವ ಕೆಲಸವನ್ನು ದೊಡ್ಡ ಹುಡುಗಿಯೊಬ್ಬಳಿಗೆ ವಹಿಸಿ. ಹಳ್ಳ ತುಂಬಿದ ದಿನ ಯಾರೂ ಹೊರಡಬಾರದೆಂದು ಹೇಳುವ ಅಧಿಕಾರವೂ ಅವಳಿಗಿರಲಿ.