ವರ್ಚುವಲ್ ಮೆಷಿನ್ ತೆವಳುತ್ತಿದೆಯೇ? ಮೊದಲು ಸಂಪು ನೋಡಿ

ಮೇಲಂತಸ್ತಿನ ನಲ್ಲಿಯಲ್ಲಿ ನೀರು ಎಳೆಯಷ್ಟೇ ಬರತೊಡಗಿದರೆ ಯಾರೂ ನಲ್ಲಿ ಬಿಚ್ಚಿ ಕೂರುವುದಿಲ್ಲ. ಟ್ಯಾಂಕು ನೋಡುತ್ತಾರೆ, ಸಂಪು ನೋಡುತ್ತಾರೆ. ವರ್ಚುವಲ್ ಮೆಷಿನ್ ವಿಷಯದಲ್ಲಿ ಮಾತ್ರ ನಮ್ಮದು ಉಲ್ಟಾ. ನಿನ್ನೆವರೆಗೆ ಸಲೀಸಾಗಿದ್ದ ಉಬುಂಟು ಇವತ್ತು ತೂಕಡಿಸಿದರೆ ನೇರ ಅದರೊಳಗೆ ನುಗ್ಗಿ ಸಾಫ್ಟ್‌ವೇರ್ ಅಳಿಸುತ್ತೇವೆ, ಕೊನೆಗೆ ಎಲ್ಲವನ್ನೂ ಮತ್ತೆ ಇನ್‌ಸ್ಟಾಲ್ ಮಾಡುತ್ತೇವೆ. ‘ಇದ್ದಕ್ಕಿದ್ದಂತೆ’ ನಿಧಾನವಾಯಿತು ಎಂದರೆ ನಾನು ಮೊದಲು ಅನುಮಾನಿಸುವುದು ಹೊರಗಿನ ಯಂತ್ರವನ್ನು, ಅಂದರೆ ಹೋಸ್ಟ್ ಕಂಪ್ಯೂಟರನ್ನು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಬಳಸುವವರಿಗೆ ಈ ಕ್ರಮ ಅನುಕೂಲ.

ಚಾರ್ಜರ್ ಸರಿಯಾಗಿ ಕೂತಿದೆಯೇ ನೋಡಿ. ನಗಬೇಡಿ. ಬ್ಯಾಟರಿಯಲ್ಲಿರುವಾಗ ಲ್ಯಾಪ್‌ಟಾಪ್ ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಅದರ ಬಿಸಿ ಮೊದಲು ತಟ್ಟುವುದು ವರ್ಚುವಲ್ ಮೆಷಿನ್ನಿಗೆ.

ಆಮೆ ಕಂಡಿತೇ?

ಮೆಷಿನ್ ಓಡುತ್ತಿರುವಾಗ ಅದರ ಕಿಟಕಿಯ ಬಲಗಡೆ ಕೆಳಮೂಲೆಯ ಐಕಾನುಗಳನ್ನು ಗಮನಿಸಿ. ಅಲ್ಲೊಂದು ಪುಟ್ಟ ಹಸಿರು ಆಮೆ ಕೂತಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಪ್ರೊಸೆಸರಿನ ವರ್ಚುವಲೈಸೇಷನ್ ಸೌಲಭ್ಯವನ್ನು ವಿಂಡೋಸಿನದೇ ಆದ ಹೈಪರ್-ವಿ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಸುತ್ತಿ ಬಳಸಿ ಕೆಲಸ ಮಾಡುತ್ತಿದೆ ಎಂದು ಅರ್ಥ. ನೀವು ಹೈಪರ್-ವಿ ಹೆಸರೇ ಕೇಳಿರದಿರಬಹುದು. ಡಬ್ಲ್ಯುಎಸ್‌ಎಲ್ 2, ಡಾಕರ್ ಡೆಸ್ಕ್‌ಟಾಪ್ ಅಥವಾ ವಿಂಡೋಸ್ ಸ್ಯಾಂಡ್‌ಬಾಕ್ಸ್ ಹಾಕಿಕೊಂಡಾಗ ಅದು ಹಿಂದೆಯೇ ಬಂದಿರುತ್ತದೆ. ವಿಂಡೋಸ್ ಸೆಕ್ಯುರಿಟಿಯ ‘ಮೆಮೊರಿ ಇಂಟೆಗ್ರಿಟಿ’ ಆನ್ ಆದರೂ ಅಷ್ಟೇ.

ಬಿಡಿಸುವುದು ಹೀಗೆ. ಸ್ಟಾರ್ಟ್ ಮೆನುವಿನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಹುಡುಕಿ ತೆರೆಯಿರಿ. ಹೈಪರ್-ವಿ, ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ಸ್ಯಾಂಡ್‌ಬಾಕ್ಸ್‌ಗಳ ಗುರುತು ತೆಗೆದು ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ. ಇದರಿಂದ ಡಬ್ಲ್ಯುಎಸ್‌ಎಲ್ 2 ಮತ್ತು ಅದನ್ನು ನಂಬಿದ ಡಾಕರ್ ನಿಲ್ಲುತ್ತವೆ. ಅವೂ ವರ್ಚುವಲ್‌ಬಾಕ್ಸೂ ಬೇಕೆನ್ನುವವರು ಆಮೆಯೊಂದಿಗೆ ಬಾಳಬೇಕು. ಇಷ್ಟಾದರೂ ಆಮೆ ಹೋಗದಿದ್ದರೆ ಕಾರಣ ಹೆಚ್ಚಾಗಿ ಮೆಮೊರಿ ಇಂಟೆಗ್ರಿಟಿ. ಅದು ಭದ್ರತೆಯ ಕಾವಲು. ಆಫೀಸಿನ ಲ್ಯಾಪ್‌ಟಾಪಾದರೆ ಐಟಿ ವಿಭಾಗವನ್ನು ಕೇಳದೆ ಮುಟ್ಟಬೇಡಿ.

ರ‍್ಯಾಮ್, ಕೋರ್, ಡಿಸ್ಕ್

ಆಮೆ ಇಲ್ಲವೆಂದರೆ ಕಂಟ್ರೋಲ್-ಶಿಫ್ಟ್-ಎಸ್ಕೇಪ್ ಒತ್ತಿ ಹೋಸ್ಟಿನ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ವಿಂಡೋಸ್ ರ‍್ಯಾಮಿನಲ್ಲಿರಬೇಕಾದ್ದನ್ನು ಡಿಸ್ಕಿಗೆ ಬರೆದು ಓದುತ್ತಿರುತ್ತದೆ. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ಮೆಷಿನ್ನಿಗೆ 6 ಜಿಬಿ ಕೊಟ್ಟು ಪಕ್ಕದಲ್ಲಿ ಕ್ರೋಮಿನ ಮೂವತ್ತು ಟ್ಯಾಬ್ ತೆರೆದರೆ ಇನ್ನೇನಾದೀತು? ಅರ್ಧಕ್ಕಿಂತ ಹೆಚ್ಚು ಕೊಡದಿರುವುದು ಕ್ಷೇಮ.

ಕೋರ್‌ಗಳ ಲೆಕ್ಕವೂ ಹೀಗೇ. ನಾಲ್ಕು ಕೋರ್, ಎಂಟು ಥ್ರೆಡ್ ಇರುವ ಪ್ರೊಸೆಸರಿನಲ್ಲಿ ನಾನು ಒಮ್ಮೆ ಆಸೆಬಿದ್ದು ಎಂಟನ್ನೂ ಮೆಷಿನ್ನಿಗೆ ಬರೆದುಕೊಟ್ಟಿದ್ದೆ. ವೇಗ ಹೆಚ್ಚುವ ಬದಲು ಎರಡೂ ಕಡೆ ಪರದೆ ಸ್ತಬ್ಧವಾಯಿತು. ಎಣಿಸಬೇಕಾದದ್ದು ನಿಜವಾದ ಕೋರ್‌ಗಳನ್ನು, ಥ್ರೆಡ್‌ಗಳನ್ನಲ್ಲ. ಎರಡಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಈ ಸೆಟ್ಟಿಂಗ್ ಬದಲಿಸಲು ಮೆಷಿನ್ ಪೂರ್ತಿ ಆಫ್ ಆಗಿರಬೇಕು. ‘ಸೇವ್ ಸ್ಟೇಟ್’ ಸಾಲದು.

ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಶೇ 100 ತೋರಿಸುತ್ತಿದ್ದರೆ ಅಪರಾಧಿ ಹೆಚ್ಚಾಗಿ ಆಂಟಿವೈರಸ್. ವರ್ಚುವಲ್ ಡಿಸ್ಕಿನ ಹತ್ತಾರು ಜಿಬಿಯ ವಿಡಿಐ ಕಡತವನ್ನು ಅದು ಸ್ಕ್ಯಾನ್ ಮಾಡುತ್ತಾ ಕೂತಿರಬಹುದು. ಆ ಫೋಲ್ಡರಿಗೆ ವಿನಾಯಿತಿ ಕೊಡಿ. ಡ್ರೈವಿನಲ್ಲಿ ಜಾಗ ಎಷ್ಟು ಉಳಿದಿದೆ ಎಂದೂ ನೋಡಿ. ಅಗತ್ಯಕ್ಕೆ ತಕ್ಕಂತೆ ಬೆಳೆಯುವ ವರ್ಚುವಲ್ ಡಿಸ್ಕ್, ಒಳಗಡೆ ಕಡತ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ.

ಹಳೆಯ ಸ್ನ್ಯಾಪ್‌ಶಾಟ್‌ಗಳು ಇನ್ನೊಂದು ಹೊರೆ. ಪ್ರತಿ ಸ್ನ್ಯಾಪ್‌ಶಾಟಿನ ಬಳಿಕ ಬದಲಾವಣೆಗಳು ಹೊಸ ಕಡತಕ್ಕೆ ಹೋಗುತ್ತವೆ. ಹತ್ತು ಸ್ನ್ಯಾಪ್‌ಶಾಟ್ ಎಂದರೆ ಓದುವಾಗ ಹನ್ನೊಂದು ಕಡತಗಳ ಸರಪಳಿ. ಬೇಡದ್ದನ್ನು ವರ್ಚುವಲ್‌ಬಾಕ್ಸ್ ಒಳಗಿಂದಲೇ ಡಿಲೀಟ್ ಮಾಡಿ. ಫೋಲ್ಡರಿಗೆ ಹೋಗಿ ಕಡತ ಅಳಿಸಿದಿರೋ, ಮೆಷಿನ್ ಕೆಟ್ಟಿತು. ಡಿಲೀಟ್ ಮಾಡುವಾಗ ನಡೆಯುವ ಕಡತಗಳ ಜೋಡಣೆಗೆ ಸಮಯವೂ ಖಾಲಿ ಜಾಗವೂ ಬೇಕು. ಅದು ನಡುವೆ ನಿಂತರೆ ಕಷ್ಟ, ಹಾಗಾಗಿ ಮೊದಲೇ ಇಡೀ ಮೆಷಿನ್ನಿನ ಫೋಲ್ಡರನ್ನು ಬೇರೆ ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ.

ಈಗ ಒಳಗೆ ಬನ್ನಿ. ಪರದೆ ಮಾತ್ರ ಎಳೆದಾಡುತ್ತಿದ್ದು ಉಳಿದದ್ದೆಲ್ಲ ಸರಿ ಇದ್ದರೆ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್ ಮರುಸ್ಥಾಪಿಸಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಅದು ಕೈಕೊಡುವುದುಂಟು. ಉಬುಂಟು ಹಿನ್ನೆಲೆಯಲ್ಲಿ ತನ್ನ ಅಪ್‌ಡೇಟ್ ಇಳಿಸಿಕೊಳ್ಳುತ್ತಿದ್ದರೆ ಹತ್ತು ನಿಮಿಷ ಬಿಟ್ಟುಬಿಡಿ.

ನಿಮ್ಮ ಮೆಷಿನ್ ಕ್ಲೌಡಿನಲ್ಲಿದ್ದರೆ ಹೋಸ್ಟ್ ನಿಮ್ಮ ಕೈಯಲ್ಲಿಲ್ಲ. ಲಿನಕ್ಸಿನ ‘ಟಾಪ್’ ಆದೇಶ ಕೊಟ್ಟು ಸಿಪಿಯು ಸಾಲಿನ ಕೊನೆಯ ‘ಎಸ್‌ಟಿ’ ಅಂಕಿ ನೋಡಿ. ಅದು ಏರಿಯೇ ಇದ್ದರೆ ನಿಮಗೆ ಬೇಕಾದ ಸಿಪಿಯು ಸಮಯ ಸಿಗುತ್ತಿಲ್ಲ. ಅಮೆಜಾನಿನ ಟಿ2 ಮೈಕ್ರೋದಂಥ ಅಗ್ಗದ ಮೆಷಿನ್ನುಗಳಿಗೆ ಸಿಪಿಯು ಕ್ರೆಡಿಟ್ ಎಂಬ ಪಡಿತರವಿದೆ. ಅದು ತೀರಿದರೆ ಟಿ2 ಮೈಕ್ರೋದ ವೇಗ ಶೇ 10ಕ್ಕೆ ಇಳಿಯುತ್ತದೆ. ಆಗ ಕ್ರೆಡಿಟ್ ಮತ್ತೆ ತುಂಬುವವರೆಗೆ ಕಾಯಬೇಕು, ಇಲ್ಲವೇ ಹೆಚ್ಚು ಬಾಡಿಗೆಯ ಮೆಷಿನ್ ಹಿಡಿಯಬೇಕು.