ಮಂಗಳೂರಿನ ಕಡಲಿಗೆ ಐದು ಜನ: ಒಂದು ಪ್ರವಾಸದ ಬಜೆಟ್ ಪಾಠ

ಬಜೆಟ್ ಎಂದರೆ ಸರ್ಕಾರದ್ದು, ಕಂಪನಿಯದ್ದು ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ನಮ್ಮ ಮನೆಯ ಪ್ರವಾಸಕ್ಕೂ ಅದೇ ಪಾಠ ಸಾಕು. ನಮ್ಮ ನಾನಿ ಇದುವರೆಗೆ ಸಮುದ್ರ ನೋಡಿಲ್ಲ. ಅಬ್ಬಾ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ, ದಿನಗೂಲಿ. ಹೋಗುವುದಾದರೆ ಎಷ್ಟು ಬೇಕು, ಎಲ್ಲಿಂದ ಬರಬೇಕು ಎಂದು ನಾನು ಲೆಕ್ಕ ಹಾಕಿದೆ. ದರಗಳೆಲ್ಲ ಅಂದಾಜು, ಆದರೆ ವಿಧಾನ ಎಲ್ಲ ಮನೆಗೂ ಒಂದೇ.

1. ಊರು ಮತ್ತು ಕಾಲ

ಮಂಗಳೂರನ್ನು ಆರಿಸಲು ಕಾರಣವಿದೆ. ನಮಗೆ ಹತ್ತಿರದ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು 1784ರ ಮಾರ್ಚ್ 11ರಂದು ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡದ್ದು ಅಲ್ಲೇ. ಎರಡನೇ ಆಂಗ್ಲೋ-ಮೈಸೂರು ಯುದ್ಧ ಮುಗಿದದ್ದು ಆ ಮಂಗಳೂರು ಒಪ್ಪಂದದಿಂದ. ಶತ್ರು ಹಡಗು ನದಿಯೊಳಗೆ ನುಗ್ಗದಂತೆ ಕಾಯಲು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ನಿಂತಿದೆ. ಬಂದರಿನಲ್ಲಿ ಹಳೆಯ ಝೀನತ್ ಬಕ್ಷ್ ಮಸೀದಿ, ನೇತ್ರಾವತಿಯ ಆಚೆ ರಾಣಿ ಅಬ್ಬಕ್ಕನ ಉಳ್ಳಾಲ, ಅಲ್ಲೇ ದರ್ಗಾ ಮತ್ತು ಕಡಲು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕಡಲಿಗೆ ಇಳಿಯುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಪೂರೈಕೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬುದು ನಮಗೆ ಗೊತ್ತೇ ಇದೆ. ಆದ್ದರಿಂದ ಡಿಸೆಂಬರ್ ಎರಡನೇ ವಾರ, ಅಂದರೆ ಕ್ರಿಸ್ಮಸ್ ರಜೆಯ ನೂಕುನುಗ್ಗಲಿಗೆ ಮೊದಲು.

2. ಬಸ್ಸೋ ರೈಲೋ?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಉಚಿತ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇಲ್ಲ. ನಾನಿ, ಅಮ್ಮಿ, ನಾನು ಮೂವರಿಗೂ ಸೊನ್ನೆ. ಬೆಂಗಳೂರಿನಿಂದ ಮುಂದೆ ಅಬ್ಬಾ ಮತ್ತು ಭಾಯಿಗೆ ತಲಾ 500 ರೂ. ಹಿಡಿದರೆ ಹೋಗಿ ಬರಲು 2,000 ರೂ. ರೈಲಿನ ಸ್ಲೀಪರ್‌ನಲ್ಲಿ ತಲಾ 300 ರೂ. ಹಿಡಿದರೆ ಐವರಿಗೆ 3,000 ರೂ. ರೈಲಿಗೆ 1,000 ರೂ. ಹೆಚ್ಚು.

ಆದರೆ ನಾನಿಗೆ ಮೊಣಕಾಲು ನೋವು. ರಾತ್ರಿಯಿಡೀ ಕೂತು ಹೋದರೆ ಮರುದಿನ ಮರಳಿನ ಮೇಲೆ ನಾಲ್ಕು ಹೆಜ್ಜೆ ಇಡಲಾರರು. ಯಾವುದಕ್ಕಾಗಿ ಹೋಗುತ್ತೇವೋ ಅದೇ ಸಿಗದಿದ್ದರೆ ಬಿಟ್ಟಿ ಟಿಕೆಟ್ ಕೂಡ ದುಬಾರಿ. ಆ ಸಾವಿರಕ್ಕೆ ಕೆಳಗಿನ ಬರ್ತ್‌ನಲ್ಲಿ ಮಲಗುವ ಅವಕಾಶ ಸಿಗುತ್ತದೆ. ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಆ ದಿನವೇ ಮಾಡಬೇಕು.

ಊರಿಂದ ಬೆಂಗಳೂರಿನ ಬಸ್ ಖರ್ಚು ಎರಡು ದಾರಿಗೂ ಒಂದೇ. ಹೋಲಿಸುವಾಗ ಅದನ್ನು ಬಿಡಬಹುದು, ಒಟ್ಟು ಲೆಕ್ಕದಲ್ಲಿ ಸೇರಿಸಲೇಬೇಕು.

3. ಕೋಣೆ

ಎರಡು ರಾತ್ರಿ ರೈಲಿನಲ್ಲಿ ಕಳೆಯುವುದರಿಂದ ಮಂಗಳೂರಿನಲ್ಲಿ ಒಂದೇ ರಾತ್ರಿ. ಮೊದಲ ದಿನಕ್ಕೆ ಎರಡು ಕೋಣೆ, ಎರಡನೇ ದಿನ ನಾನಿ ಒರಗಲು ಒಂದು. ಕೋಣೆ ಹಿಡಿಯುವ ಮೊದಲು ಮೂರು ಪ್ರಶ್ನೆ ಕೇಳಬೇಕು: ನೆಲಮಹಡಿಯೇ? ದಿನದ ಲೆಕ್ಕ ಮಧ್ಯಾಹ್ನ 12ರಿಂದಲೋ, ಒಳಹೋದ ಹೊತ್ತಿನಿಂದ 24 ಗಂಟೆಯೋ? ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ? 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿ.ಎಸ್.ಟಿ. ಶೇ. 5. ಅದಕ್ಕೆ ಮೊದಲು ಶೇ. 12 ಇತ್ತು.

4. ಒಟ್ಟು ಲೆಕ್ಕ

ಊರು–ಬೆಂಗಳೂರು ಬಸ್ (ಇಬ್ಬರಿಗೆ): 400 ರೂ.
ರೈಲು: 3,000 ರೂ.
ಕೋಣೆ (3 × 1,200) ಮತ್ತು ತೆರಿಗೆ 180: 3,780 ರೂ.
ಊಟ (5 ಜನ × 300 × 2 ದಿನ): 3,000 ರೂ.
ಆಟೋ, ಸಿಟಿ ಬಸ್: 1,500 ರೂ.
ಮೊತ್ತ: 11,680 ರೂ.
ಅನಿರೀಕ್ಷಿತ ಖರ್ಚಿಗೆ ಶೇ. 10: 1,168 ರೂ.
ಕೈಯಿಂದ ಹೋಗುವ ಹಣ: 12,848 ರೂ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧ. ಅಬ್ಬಾ ಮೂರು ದಿನ ಕೆಲಸಕ್ಕೆ ಹೋಗದಿದ್ದರೆ 600 ರೂ.ನಂತೆ 1,800 ರೂ. ಕೂಲಿ ತಪ್ಪುತ್ತದೆ. ಇದಕ್ಕೆ ರಸೀದಿ ಇರುವುದಿಲ್ಲ, ಆದರೂ ಇದು ವೆಚ್ಚವೇ. ಅರ್ಥಶಾಸ್ತ್ರದಲ್ಲಿ ಓದುವ ಅವಕಾಶ ವೆಚ್ಚ ಇದು. ಸೇರಿಸಿದರೆ 14,648 ರೂ. ಜೂನ್‌ನಿಂದ ನವೆಂಬರ್‌ವರೆಗೆ ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 2,441 ರೂ.

5. ಮುಂದೂಡಿದರೆ?

"ಭಾಯಿಯ ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ" ಎಂದರು ಅಮ್ಮಿ. ಹಣದ ದೃಷ್ಟಿಯಿಂದ ಅವರ ಮಾತು ಸರಿ. ಎರಡು ವರ್ಷ ಬಿಟ್ಟರೆ ತಿಂಗಳ ಕಂತು ಹಗುರವಾಗುತ್ತದೆ. ಆದರೆ ಕಾಯುವುದಕ್ಕೂ ಅವಕಾಶ ವೆಚ್ಚ ಇದೆ. ಇವತ್ತು ನಾನಿ ಕೋಲು ಹಿಡಿದು ಮಸಾಲೆ ಅಂಗಡಿವರೆಗೆ ನಡೆಯುತ್ತಾರೆ. ಎರಡು ವರ್ಷದ ನಂತರ ನಡೆಯುತ್ತಾರೆ ಎಂದು ಯಾವ ಲೆಕ್ಕಪುಸ್ತಕವೂ ಹೇಳಲಾರದು. ಹಣವನ್ನು ಮತ್ತೆ ಕೂಡಿಸಬಹುದು, ಮೊಣಕಾಲಿನ ಬಲವನ್ನು ಕೂಡಿಸಲಾಗದು.

ಅಬ್ಬಾ ಹಾಳೆ ಓದಿ, ಖರ್ಚಿನ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ "ನಾನಿಯ ಔಷಧ" ಎಂದು ಸೇರಿಸಿದರು. ಅದು ಅನಿರೀಕ್ಷಿತ ಖರ್ಚಲ್ಲ, ಗೊತ್ತಿರುವ ಖರ್ಚು ಎಂದರು. ಜೂನ್ ತಿಂಗಳ ಹಣ ಡಬ್ಬಿಯಲ್ಲಿದೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಯಾರಿಗೋ ಎಲ್ಲಿಗೋ ಹೋಗುವ ಆಸೆ ಇರುತ್ತದೆ. "ಆಗಲ್ಲ" ಎನ್ನುವ ಮೊದಲು ಒಂದು ಹಾಳೆ ತೆಗೆದುಕೊಂಡು ಬರೆದು ನೋಡಿ.